ಚರ್ಮ ತುರಿಸುತ್ತಿದೆ, ಯಾವ ವಸ್ತುವಿನಿಂದ? ಅಲರ್ಜಿಯ ಮೂಲ ಪತ್ತೆ ಮಾಡುವ ಕೈಪಿಡಿ

ಮೈ ತುರಿಸಿದರೆ ನಮ್ಮ ಕಡೆ ಮೊದಲು ಅಡುಗೆಮನೆಯಿಂದ ಹೊರಗೆ ಹೋಗುವುದು ಬದನೆಕಾಯಿ. ಅದು ನಂಜು. ಆಮೇಲೆ ಮೊಟ್ಟೆ, ಮೀನು, ಕಡಲೆಕಾಯಿ ಬೀಜ. ತಿಂಗಳುಗಟ್ಟಲೆ ಪಥ್ಯ ಮಾಡಿದರೂ ತುರಿಕೆ ಹೋಗದಿದ್ದಾಗ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮುಲಾಮು. ಅದು ನಾಲ್ಕು ದಿನ ಕೇಳುತ್ತದೆ, ಬಿಟ್ಟ ಕೂಡಲೇ ತುರಿಕೆ ಮತ್ತೆ ಶುರು. ಇಷ್ಟೆಲ್ಲ ನಡೆಯುವಾಗ ನಿಜವಾದ ಕಾರಣ ದಿನವೂ ಚರ್ಮಕ್ಕೆ ತಾಗುತ್ತಲೇ ಇರುತ್ತದೆ. ಅದು ಗಾರೆ ಕೆಲಸದ ಸಿಮೆಂಟ್ ಇರಬಹುದು, ಟೊಮೆಟೊಗೆ ಹೊಡೆಯುವ ಪುಡಿ ಇರಬಹುದು, ಕಾರ್ಖಾನೆಯಲ್ಲಿ ಮೆಷಿನ್ ಬಿಸಿಯಾಗದಂತೆ ಸುರಿಯುವ ಕೂಲೆಂಟ್, ತಲೆಗೆ ಹಚ್ಚುವ ಡೈ, ಕಾಲಿನ ಚಪ್ಪಲಿ ಕೂಡ ಇರಬಹುದು.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹೊಲ, ಮನೆ, ಕಾರ್ಖಾನೆಗಳಲ್ಲಿ ದುಡಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಇಲ್ಲಿ ಎರಡು ಪ್ರಶ್ನೆಗಳಿವೆ, ಅವನ್ನು ಬೆರೆಸಬಾರದು. ಒಂದು, ಈ ರಾಸಾಯನಿಕಕ್ಕೆ ಅಲರ್ಜಿ ಹುಟ್ಟಿಸುವ ಗುಣ ಇದೆಯೇ? ಅದಕ್ಕೆ ಉತ್ತರ ಕೊಡುವುದು ಪ್ರಯೋಗಾಲಯ. ಇನ್ನೊಂದು, ನಿಮ್ಮ ಚರ್ಮ ಅದಕ್ಕೆ ಅಲರ್ಜಿ ಬೆಳೆಸಿಕೊಂಡಿದೆಯೇ? ಅದರ ಉತ್ತರ ನಿಮ್ಮ ಮೈಮೇಲೆಯೇ ಇರುತ್ತದೆ. ಅದನ್ನು ಓದುವ ಕ್ರಮ ಗೊತ್ತಿರಬೇಕು, ಅಷ್ಟೆ.

ಮೊದಲು ಇದನ್ನು ನೋಡಿ: ಕಾಯಬಾರದ ಲಕ್ಷಣಗಳು

ತುಟಿ, ನಾಲಿಗೆ, ಗಂಟಲು ಊದಿಕೊಳ್ಳುವುದು, ಉಸಿರು ಕಟ್ಟುವುದು, ಮೈತುಂಬ ಗಂದೆ ಎದ್ದು ತಲೆ ಸುತ್ತಿ ಕುಸಿಯುವುದು, ಇವು ಮನೆಯಲ್ಲಿ ಕೂತು ಪರೀಕ್ಷೆ ಮಾಡುವ ಹೊತ್ತಲ್ಲ. 108 ಕ್ಕೆ ಫೋನ್ ಮಾಡಿ. ಜ್ವರದ ಜೊತೆ ಬಾಯಿ, ಕಣ್ಣು, ಗುಪ್ತಾಂಗದಲ್ಲಿ ಹುಣ್ಣಾಗಿ ಚರ್ಮ ಸುಲಿಯಲು ಶುರುವಾದರೆ, ಅದರಲ್ಲೂ ಹೊಸ ಮಾತ್ರೆ ತೆಗೆದುಕೊಂಡ ಮೇಲೆ ಹೀಗಾದರೆ, ಅದೇ ದಿನ ದೊಡ್ಡ ಆಸ್ಪತ್ರೆ ಸೇರಬೇಕು.

ಔಷಧಿ ಹೊಡೆದು ಬಂದವರಿಗೆ ತುರಿಕೆಯ ಜೊತೆ ಬಾಯಲ್ಲಿ ಜೊಲ್ಲು, ವಿಪರೀತ ಬೆವರು, ವಾಂತಿ, ಕಣ್ಣು ಮಂಜಾಗುವುದು, ಮಾಂಸಖಂಡ ಅದುರುವುದು ಕಂಡರೆ ಅದು ಅಲರ್ಜಿಯಲ್ಲ, ವಿಷ ಏರುತ್ತಿದೆ. ಬಟ್ಟೆ ಬಿಚ್ಚಿ, ಮೈ ತೊಳೆದು, ಔಷಧಿಯ ಡಬ್ಬ ಅಥವಾ ಪೊಟ್ಟಣವನ್ನು ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ಡಾಕ್ಟರಿಗೆ ಆ ಲೇಬಲ್ ನಿಮ್ಮ ವಿವರಣೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕಣ್ಣಿಗೆ ಸಿಮೆಂಟ್, ಸುಣ್ಣ, ಅಂಟು ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಏನೇ ಬಿದ್ದರೂ ಕನಿಷ್ಠ 15-20 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಮೇಲೆ ಆಸ್ಪತ್ರೆಗೆ ಹೊರಡಿ.

ಲಕ್ಷಣ: ತಾಗಿದ ಕೂಡಲೇ ಉರಿ, ಅಥವಾ ಒಂದೆರಡು ದಿನ ಬಿಟ್ಟು ತುರಿಕೆ

ಖರ್ಚಿಲ್ಲದ ಮೊದಲ ಪರೀಕ್ಷೆ ಗಡಿಯಾರ ನೋಡುವುದು. ತಾಗಿದ ಕೆಲವೇ ನಿಮಿಷ, ಗಂಟೆಗಳಲ್ಲಿ ಉರಿ ಎದ್ದು, ತಾಗಿದ ಜಾಗದಲ್ಲಷ್ಟೇ ಗೆರೆ ಹೊಡೆದಂತೆ ಕೆಂಪಾಗಿ, ಅದೇ ಕೆಲಸ ಮಾಡಿದ ಪಕ್ಕದವರಿಗೂ ಹಾಗೇ ಆಗಿದ್ದರೆ ಅದು ಸುಡುವ ಗುಣ. ಬ್ಲೀಚಿಂಗ್ ಪೌಡರ್, ಆಸಿಡ್, ಹಸಿ ಸಿಮೆಂಟಿನ ಕ್ಷಾರ, ಬಟ್ಟೆ ಸೋಡಾ ಇವು ಯಾರ ಚರ್ಮವನ್ನೂ ಬಿಡುವುದಿಲ್ಲ. ಇಲ್ಲಿ ಪ್ರಮಾಣ ಮುಖ್ಯ: ಕಡಿಮೆ ತಾಗಿದರೆ ಕಡಿಮೆ ಉರಿ.

ಅಲರ್ಜಿಯ ನಡೆ ಬೇರೆ. ತಾಗಿದ ದಿನ ಏನೂ ಆಗುವುದಿಲ್ಲ. ಸಾಮಾನ್ಯವಾಗಿ 24 ರಿಂದ 72 ಗಂಟೆಯೊಳಗೆ ತುರಿಕೆ ಏಳುತ್ತದೆ, ಸಣ್ಣ ಸಣ್ಣ ನೀರುಗುಳ್ಳೆ ಬರುತ್ತವೆ, ಒಡೆದು ಸೋರುತ್ತವೆ, ಅಂಚು ಮಸುಕಾಗಿ ತಾಗದ ಜಾಗಕ್ಕೂ ಹಬ್ಬುತ್ತದೆ. ಹತ್ತು ಜನ ಅದೇ ಡ್ರಮ್ಮಿಗೆ ಕೈ ಹಾಕಿದರೂ ಒಬ್ಬರಿಗೆ ಮಾತ್ರ ಆಗುತ್ತದೆ. ಆ ಒಬ್ಬರಿಗೆ ಚೂರೇ ಚೂರು ತಾಗಿದರೂ ಸಾಕು. ಹಾಗಾಗಿ ಗುರುವಾರ ಬೆಳಗ್ಗೆ ತುರಿಕೆ ಶುರುವಾದರೆ ಗುರುವಾರ ಏನು ಮುಟ್ಟಿದೆ ಎಂದು ಯೋಚಿಸಬೇಡಿ. ಮಂಗಳವಾರ, ಬುಧವಾರ ಏನು ಮುಟ್ಟಿದೆ ಎಂದು ನೆನಪು ಮಾಡಿಕೊಳ್ಳಿ. ಬಹುಪಾಲು ಜನ ದಾರಿ ತಪ್ಪುವುದು ಇಲ್ಲೇ.

ಮೂರನೆಯ ಬಗೆಯೂ ಇದೆ. ತಾಗಿದ ಅರ್ಧ ಗಂಟೆಯೊಳಗೆ ಉಬ್ಬಿದ ಗಂದೆಗಳೆದ್ದು ಕೆಲವೇ ಗಂಟೆಗಳಲ್ಲಿ ಗುರುತಿಲ್ಲದೆ ಮಾಯವಾದರೆ ಅದು ಪಿತ್ತದ ಗಂದೆಯ ಜಾತಿ. ಅದಕ್ಕೆ ಬೇರೆ ಪರೀಕ್ಷೆ, ಬೇರೆ ಔಷಧ.

ಅಲರ್ಜಿಯೇ ಅಲ್ಲದ ತುರಿಕೆಯನ್ನೂ ಬದಿಗಿಟ್ಟುಕೊಳ್ಳಿ. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ, ರಾತ್ರಿ ಹೊತ್ತು, ಬೆರಳ ಸಂದಿಯಲ್ಲಿ ತುರಿಕೆಯಿದ್ದರೆ ಅದು ಕಜ್ಜಿ. ಉಂಗುರದ ಹಾಗೆ ಅಂಚು ಕೆಂಪಗೆ, ನಡುವೆ ತಿಳಿಯಾಗಿ ಸೊಂಟ, ತೊಡೆಸಂದಿಯಲ್ಲಿ ಹಬ್ಬುತ್ತಿದ್ದರೆ ಅದು ಹುಳುಕಡ್ಡಿ, ಅಂದರೆ ಶಿಲೀಂಧ್ರ. ಹುಳುಕಡ್ಡಿಗೆ ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ತುರಿಕೆ ಕಡಿಮೆಯಾದಂತೆ ಕಂಡು ಒಳಗೊಳಗೇ ಹರಡುತ್ತದೆ.

“ಇಷ್ಟು ವರ್ಷ ಏನೂ ಆಗಿಲ್ಲ, ಈಗ ಯಾಕೆ?”

“ಸಿಮೆಂಟ್ ಅಲ್ಲ ಸಾರ್, ಇಪ್ಪತ್ ವರ್ಷದಿಂದ ಇದೇ ಕೈಯಲ್ಲಿ ಕಲಸ್ತಾ ಇದೀನಿ.” ಗಾರೆ ಮೇಸ್ತ್ರಿಗಳ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ. ಹೆಂಗಸರು ಹೇರ್ ಡೈ ಬಗ್ಗೆ, ರೈತರು ಔಷಧಿ ಬಗ್ಗೆ ಹೇಳುವುದೂ ಇದನ್ನೇ. ಹಳೆಯ ಬಳಕೆಯ ವಸ್ತು ಎನ್ನುವ ಕಾರಣಕ್ಕೆ ಅದನ್ನು ಪಟ್ಟಿಯಿಂದ ಕೈಬಿಡಬೇಡಿ.

ಅಲರ್ಜಿ ಹುಟ್ಟುವುದು ಎರಡು ಹಂತದಲ್ಲಿ. ರಾಸಾಯನಿಕದ ಅತಿ ಸಣ್ಣ ಕಣ ಚರ್ಮದೊಳಗೆ ಇಳಿದು ಅಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಚರ್ಮದಲ್ಲಿರುವ ಕಾವಲು ಜೀವಕೋಶಗಳು ಆ ಹೊಸ ಜೋಡಿಯನ್ನು ಹತ್ತಿರದ ದುಗ್ಧಗ್ರಂಥಿಗೆ ಒಯ್ದು ರೋಗನಿರೋಧಕ ಪಡೆಯ ಟಿ ಕೋಶಗಳಿಗೆ ಪರಿಚಯ ಮಾಡಿಸುತ್ತವೆ. ಅವು ನೆನಪಿಟ್ಟುಕೊಂಡು ಸಂಖ್ಯೆಯಲ್ಲಿ ಹೆಚ್ಚುತ್ತವೆ. ಇದಕ್ಕೆ ಹತ್ತು ಹದಿನೈದು ದಿನ ಬೇಕು, ಹೊರಗೆ ಏನೂ ಕಾಣುವುದಿಲ್ಲ. ಆದರೆ ಈ ಹಂತ ಶುರುವಾಗುವುದು ಮೊದಲ ವಾರದಲ್ಲೂ ಆಗಬಹುದು, ಇಪ್ಪತ್ತನೇ ವರ್ಷದಲ್ಲೂ ಆಗಬಹುದು. ಕೈ ಬಿರುಕು ಬಿಟ್ಟಾಗ, ಗಾಯವಿದ್ದಾಗ, ನೀರಿನಲ್ಲಿ ನೆಂದು ಮೆತ್ತಗಾದಾಗ ಒಳಗಿಳಿಯುವುದು ಸುಲಭ. ಒಮ್ಮೆ ನೆನಪು ಕೂತರೆ ಸಾಮಾನ್ಯವಾಗಿ ಅದು ಜೀವನಪೂರ್ತಿ ಉಳಿಯುತ್ತದೆ. ಮುಂದೆ ತಾಗಿದಾಗಲೆಲ್ಲ ಆ ಟಿ ಕೋಶಗಳು ಚರ್ಮಕ್ಕೆ ಬಂದು ಉರಿಯೂತ ಎಬ್ಬಿಸುತ್ತವೆ. ಅವು ಬಂದು ಸೇರಲು ಹೊತ್ತು ಹಿಡಿಯುವುದರಿಂದಲೇ ತುರಿಕೆ ಒಂದೆರಡು ದಿನ ತಡ.

ಲಕ್ಷಣ: ಒಂದೇ ಜಾಗ, ವಸ್ತುವಿನ ಆಕಾರದಲ್ಲೇ ಗುರುತು

ಇದು ಅತಿ ಸುಲಭದ್ದು. ಕಿವಿಹಾಲೆಯಲ್ಲಿ ಓಲೆ ಕೂರುವ ಕಡೆ, ಹೊಕ್ಕುಳ ಕೆಳಗೆ ಪ್ಯಾಂಟಿನ ಗುಂಡಿ ಅಥವಾ ಬೆಲ್ಟಿನ ಬಕಲ್ ತಾಗುವ ಕಡೆ, ಮಣಿಕಟ್ಟಿನಲ್ಲಿ ವಾಚಿನ ಕೆಳಗೆ ತುರಿಕೆಯಿದ್ದರೆ ನಿಕ್ಕಲ್ ಮೇಲೆ ಅನುಮಾನ ಪಡಿ. ಗಿಲೀಟು ಒಡವೆಗಳಲ್ಲಿ ಅದು ಹೇರಳ. ಡೈಮಿಥೈಲ್‌ಗ್ಲೈಆಕ್ಸೈಮ್ ಎಂಬ ದ್ರಾವಣ, ಅಮೋನಿಯಾ ಜೊತೆ ಹತ್ತಿಗೆ ಹಾಕಿ ಲೋಹವನ್ನು ಉಜ್ಜಿದರೆ ನಿಕ್ಕಲ್ ಬಿಡುವ ಲೋಹದ ಮೇಲೆ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಇದು ಸಿಗುವ ವಸ್ತುವೇ.

ಹಣೆಯ ನಡುವೆ ಸ್ಟಿಕ್ಕರ್ ಬಿಂದಿಯ ಗಾತ್ರದಲ್ಲೇ ತುರಿಕೆ ಅಥವಾ ಬಿಳಿ ಮಚ್ಚೆ ಕಂಡರೆ ಅಂಟನ್ನು ಅನುಮಾನಿಸಿ. ಆ ಅಂಟಿನಲ್ಲಿರುವ ಬ್ಯುಟೈಲ್‌ಫೀನಾಲ್ ಜಾತಿಯ ವಸ್ತು ಚರ್ಮದ ಬಣ್ಣವನ್ನೇ ತೆಗೆದುಬಿಡಬಹುದು. ಬಿಳಿ ಮಚ್ಚೆ ಕಂಡ ದಿನವೇ ಬಿಂದಿ ನಿಲ್ಲಿಸಿ ಚರ್ಮದ ಡಾಕ್ಟರಿಗೆ ತೋರಿಸಿ. ಅದು ತೊನ್ನು ಎಂದು ಮನೆಯವರು ಹೆದರಿ ಹೆಣ್ಣುಮಕ್ಕಳನ್ನು ನೋಯಿಸುವ ಮೊದಲು ಈ ಸಾಧ್ಯತೆ ನೋಡಲೇಬೇಕು.

ಪಾದದ ಮೇಲೆ ಹವಾಯಿ ಚಪ್ಪಲಿಯ ಪಟ್ಟಿ ಕೂರುವಷ್ಟೇ ಜಾಗದಲ್ಲಿ ಕಪ್ಪಾಗಿ, ದಪ್ಪಗಾಗಿ, ತುರಿಸುತ್ತಿದ್ದರೆ ರಬ್ಬರ್ ಹದ ಮಾಡಲು ಬಳಸುವ ರಾಸಾಯನಿಕ ಕಾರಣವಿರಬಹುದು. ಬೆರಳ ಸಂದಿಗಳು ಚೆನ್ನಾಗಿದ್ದು ಪಟ್ಟಿಯ ಜಾಗ ಮಾತ್ರ ಕೆಟ್ಟಿದ್ದರೆ ಅನುಮಾನ ಗಟ್ಟಿ. ಸಂದಿಗಳೇ ಬೆಳ್ಳಗೆ ನೆಂದು ಬಿರಿದಿದ್ದರೆ ಶಿಲೀಂಧ್ರ ನೋಡಿ.

ಲಕ್ಷಣ: ಕಣ್ಣಿನ ರೆಪ್ಪೆ ಊದಿದೆ, ಹಣೆಯ ಅಂಚು, ಕಿವಿಯ ಸುತ್ತ ತುರಿಕೆ

ನೆತ್ತಿಯ ಚರ್ಮ ದಪ್ಪ, ರೆಪ್ಪೆಯ ಚರ್ಮ ತೀರಾ ತೆಳು. ಹಾಗಾಗಿ ತಲೆಗೆ ಹಚ್ಚಿದ್ದರ ಅಲರ್ಜಿ ರೆಪ್ಪೆಯಲ್ಲಿ ಕಾಣುತ್ತದೆ. ಹಬ್ಬಕ್ಕೆ ಎರಡು ದಿನ ಮೊದಲು ಹಚ್ಚಿದ ಡೈ ಹಬ್ಬದ ದಿನ ಕಣ್ಣು ಮುಚ್ಚಿಸುತ್ತದೆ. ಕಪ್ಪು ಬಣ್ಣದ ಡೈಗಳಲ್ಲಿರುವ ಪಿಪಿಡಿ, ಅಂದರೆ ಪ್ಯಾರಾಫಿನೈಲೀನ್‌ಡೈಅಮೀನ್, ಬಹಳ ತೀವ್ರವಾದ ಅಲರ್ಜಿಕಾರಕ. ಬೇಗ ಕಪ್ಪಾಗಲೆಂದು ಮೆಹಂದಿಗೆ ಬೆರೆಸುವುದೂ ಇದನ್ನೇ. ಅಪ್ಪಟ ಗೋರಂಟಿ ಕಿತ್ತಳೆ ಕೆಂಪು ಬಣ್ಣ ಕೊಡುತ್ತದೆ, ಕಡುಕಪ್ಪು ಕೊಡುವುದಿಲ್ಲ. ಮಕ್ಕಳ ಕೈಗೆ ಜಾತ್ರೆಯಲ್ಲಿ ಹಾಕುವ ಕಪ್ಪು ಮೆಹಂದಿ ಬೇಡವೇ ಬೇಡ. ಆಗ ಕೂತ ಅಲರ್ಜಿ, ಮುಂದೆ ತಲೆ ನರೆತಾಗ ಡೈ ಹಚ್ಚಲು ಹೋದರೆ ಎದ್ದು ಬರುತ್ತದೆ.

ಡೈ ಪೊಟ್ಟಣದ ಮೇಲೆ ಮೊದಲು ಪರೀಕ್ಷೆ ಮಾಡಿ ನೋಡಿ, ಹುಬ್ಬು ರೆಪ್ಪೆಗೂದಲಿಗೆ ಬಳಸಬೇಡಿ ಎಂಬ ಎಚ್ಚರಿಕೆ ಇರುವುದು ಸುಮ್ಮನೆ ಅಲ್ಲ. ಆದರೆ ಒಮ್ಮೆ ಮುಖ ಊದಿದವರು ಮನೆಯಲ್ಲಿ ಮತ್ತೆ ಪರೀಕ್ಷೆ ಮಾಡಿ ನೋಡಬಾರದು. ಅವರ ಉತ್ತರ ಆಗಲೇ ಸಿಕ್ಕಿದೆ. ಡೈ ಹಚ್ಚದಿದ್ದರೂ ರೆಪ್ಪೆ ಊದಿದರೆ ಉಗುರಿನ ಬಣ್ಣ ನೋಡಿ. ಉಗುರ ಸುತ್ತ ಏನೂ ಆಗದೆ, ಆ ಕೈ ಮುಖಕ್ಕೆ ತಾಗಿ ರೆಪ್ಪೆಯಲ್ಲಿ ಮಾತ್ರ ಕಾಣುವುದುಂಟು.

ಲಕ್ಷಣ: ಕೈ ಬಿರಿದಿದೆ, ಗುಳ್ಳೆ, ಒಣಗಿದ ಸಿಪ್ಪೆ

ಇದು ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಕೈ ಮುಟ್ಟದ ವಸ್ತುವೇ ಇಲ್ಲ. ಯಾವ ಬೆರಳು, ಯಾವ ಬದಿ ಎಂದು ಬೆಳಕಿನಲ್ಲಿ ನೋಡಿ.

ಚಿಕ್ಕಬಳ್ಳಾಪುರದ ಹೂವಿನ ವ್ಯಾಪಾರದಲ್ಲಿ ದಿನವಿಡೀ ಸೇವಂತಿಗೆ ಕಟ್ಟುವವರ ಕೈ ಗಮನಿಸಿ. ಹೂವಿನ ತೊಟ್ಟು ಹಿಡಿಯುವ ಹೆಬ್ಬೆರಳು, ತೋರುಬೆರಳು, ನಡುಬೆರಳ ತುದಿ ಒಣಗಿ, ಗೆರೆಗಳ ಉದ್ದಕ್ಕೂ ಸೀಳಿರುತ್ತದೆ. ಉಂಗುರದ ಬೆರಳು, ಕಿರುಬೆರಳು ನುಣುಪಾಗಿಯೇ ಇರುತ್ತವೆ. ಹೋಟೆಲಿನಲ್ಲಿ ಬೆಳ್ಳುಳ್ಳಿ ಸುಲಿದು ಹೆಚ್ಚುವವರಿಗೂ ಇದೇ ಮೂರು ಬೆರಳು, ಆದರೆ ಬಲಗೈಯಲ್ಲಿ ಚಾಕು ಹಿಡಿಯುವವರಿಗೆ ಎಡಗೈಯಲ್ಲಿ, ಏಕೆಂದರೆ ಎಸಳು ಹಿಡಿಯುವುದು ಆ ಕೈ. ಪಾತ್ರೆ ತೊಳೆಯುವ ಸೋಪಿನ ತೊಂದರೆಯಾದರೆ ಎರಡೂ ಕೈಗೆ, ಬೆರಳ ಸಂದಿ, ಉಂಗುರದ ಕೆಳಗೆ ಮೊದಲು ಕಾಣುತ್ತದೆ.

ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕಗಳಲ್ಲಿ ಬೇಸಿನ್ ಮುಂದೆ ಕೂತು ಬಿಸಿನೀರಿನಲ್ಲಿ ಗೂಡಿನ ಎಳೆ ಹಿಡಿಯುವವರ ಕೈ ಬೆಳ್ಳಗೆ ನೆಂದು ಒಡೆಯುವುದು ಮುಖ್ಯವಾಗಿ ನೀರು, ಬಿಸಿಯ ಹೊಡೆತ. ಆದರೆ ಹುಳು ಸಾಕುವ ಮನೆಗೆ ಸಿಂಪಡಿಸುವ ಫಾರ್ಮಲಿನ್ ವಿಷಯ ಬೇರೆ. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಸುಡುತ್ತದೆ, ಅಲರ್ಜಿಯನ್ನೂ ಹುಟ್ಟಿಸುತ್ತದೆ. ಒಂದು ಬೆಳೆಯ ಸೋಂಕುನಿವಾರಣೆ ಮಾಡಿದ ಎರಡು ದಿನಕ್ಕೆ ಸರಿಯಾಗಿ ಪ್ರತಿ ಸಲವೂ ಕೈ, ಮುಖ ತುರಿಸಿದರೆ ಲೆಕ್ಕ ಹಾಕಿ ನೋಡಿ.

ಸಿಮೆಂಟ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಅದು ಎರಡೂ ಕೆಲಸ ಮಾಡುತ್ತದೆ. ಹಸಿ ಸಿಮೆಂಟ್ ಬಲವಾದ ಕ್ಷಾರ, ಅದರ ಪಿಎಚ್ 12 ದಾಟುತ್ತದೆ. ಮಂಡಿಯೂರಿ ನೆಲ ಹಾಕುವವರ ಪ್ಯಾಂಟು ನೆಂದು ಗಂಟೆಗಟ್ಟಲೆ ಹಾಗೇ ಇದ್ದರೆ ನೋವೇ ಇಲ್ಲದೆ ಚರ್ಮ ಆಳಕ್ಕೆ ಸುಡಬಹುದು. ಅದಕ್ಕೆ ಕೂಡಲೇ ಧಾರಾಳ ನೀರು, ಆಮೇಲೆ ಆಸ್ಪತ್ರೆ. ಅಲರ್ಜಿ ಎಬ್ಬಿಸುವುದು ಅದರಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ. ಫೆರಸ್ ಸಲ್ಫೇಟ್ ಬೆರೆಸಿ ಅದನ್ನು ಕಡಿಮೆ ಮಾಡಬಹುದು. ಯುರೋಪಿನಲ್ಲಿ 2005 ರಿಂದ ಹತ್ತು ಲಕ್ಷಕ್ಕೆ 2 ಭಾಗದ ಮಿತಿ ಜಾರಿಯಲ್ಲಿದೆ. ಕೆಲಸಕ್ಕೆ ಹೋಗದ ಎರಡು ಮೂರು ವಾರದಲ್ಲಿ ಮೇಸ್ತ್ರಿಯ ಕೈ ಅರ್ಧಕ್ಕರ್ಧ ವಾಸಿಯಾಗಿ, ಮರಳಿದ ಎರಡನೇ ದಿನ ಮತ್ತೆ ತುರಿಸಿದರೆ ಅನುಮಾನ ಬಲವಾಗುತ್ತದೆ. ಜೊತೆಗೆ ಚರ್ಮದ ಶೂ ಹಾಕುವ ಪಾದದ ಮೇಲೂ ತುರಿಕೆಯಿದ್ದರೆ ಇನ್ನೂ ಬಲ, ಏಕೆಂದರೆ ಚರ್ಮ ಹದ ಮಾಡುವುದಕ್ಕೂ ಕ್ರೋಮಿಯಂ ಬಳಸುತ್ತಾರೆ. ಕ್ರೋಮಿಯಂ ಅಲರ್ಜಿ ಹಟಮಾರಿ. ಕೆಲಸ ಬಿಟ್ಟ ಮೇಲೂ ಬಹಳ ಕಾಲ ಕಾಡುವುದುಂಟು. ಆದ್ದರಿಂದಲೇ ಬಿರುಕು ಬಿಟ್ಟ ಬರಿಗೈಯಲ್ಲಿ ಕಲಸಬೇಡಿ ಎಂದು ಗಿಲಾವು ಕೆಲಸ ಕಲಿಯುತ್ತಿರುವ ಹುಡುಗರಿಗೆ ಮೊದಲ ದಿನವೇ ಹೇಳಬೇಕು.

ವಸಂತನರಸಾಪುರ, ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ಸಿಎನ್‌ಸಿ ಮೆಷಿನ್ ನೋಡಿಕೊಳ್ಳುವವರು ಕೂಲೆಂಟ್ ಗಮನಿಸಿ. ಅದು ಕೊಳೆಯದಂತೆ ಹಾಕುವ ಜೀವಿನಾಶಕಗಳು, ಅದರಲ್ಲೂ ಐಸೊಥಯಾಜೊಲಿನೋನ್ ಗುಂಪಿನವು, ಪಕ್ಕಾ ಅಲರ್ಜಿಕಾರಕಗಳು. ಗ್ರಾನೈಟ್ ಪಾಲಿಶ್ ಘಟಕಗಳಲ್ಲಿ ಚಪ್ಪಡಿಯ ಬಿರುಕು ತುಂಬುವ ಎಪಾಕ್ಸಿ ರೆಸಿನ್, ಹಾರ್ಡನರ್ ಕೂಡ ಅಂಥವೇ. ಪೂರ್ತಿ ಗಟ್ಟಿಯಾದ ಎಪಾಕ್ಸಿ ಸಾಮಾನ್ಯವಾಗಿ ತೊಂದರೆ ಕೊಡದು, ಹಸಿಯಾಗಿರುವಾಗ ಮತ್ತು ಅರೆಬರೆ ಗಟ್ಟಿಯಾದಾಗ ಉಜ್ಜಿದ ಧೂಳು ಕೊಡುತ್ತದೆ. ಸಾದಾ ರಬ್ಬರ್ ಗ್ಲೌಸ್ ಇದನ್ನು ತಡೆಯುವುದಿಲ್ಲ, ನೈಟ್ರೈಲ್ ಬೇಕು, ಅದನ್ನೂ ಆಗಾಗ ಬದಲಿಸಬೇಕು. ಗ್ಲೌಸ್ ಹಾಕಲು ಶುರುಮಾಡಿದ ಮೇಲೆಯೇ ತುರಿಕೆ ಹೆಚ್ಚಿ, ಮಣಿಕಟ್ಟಿನಲ್ಲಿ ಗ್ಲೌಸಿನ ಅಂಚಿಗೆ ಸರಿಯಾಗಿ ನಿಂತರೆ ಗ್ಲೌಸಿನ ರಬ್ಬರ್ ರಾಸಾಯನಿಕವೇ ಕಾರಣ ಇರಬಹುದು.

ಲಕ್ಷಣ: ಮುಖ, ಕತ್ತು, ಮೊಣಕೈ ಮಡಿಕೆ, ಬಟ್ಟೆ ಮುಚ್ಚದ ಕಡೆಯೆಲ್ಲ

ಬಿಸಿಲಿನ ಅಲರ್ಜಿ ಎಂದು ಹಣೆಪಟ್ಟಿ ಹಚ್ಚಿಬಿಡುವ ಮುನ್ನ ಮೂರು ಜಾಗ ನೋಡಿ: ಮೇಲಿನ ರೆಪ್ಪೆ, ಕಿವಿಯ ಹಿಂದೆ, ಗಲ್ಲದ ಕೆಳಗೆ. ಬಿಸಿಲಿನಿಂದ ಆದದ್ದಾದರೆ ನೆರಳು ಬೀಳುವ ಈ ಜಾಗಗಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಗಾಳಿಯಲ್ಲಿ ಬರುವ ಧೂಳಿನಿಂದ ಆದದ್ದಾದರೆ ಈ ಜಾಗಗಳೂ ಕೆಟ್ಟಿರುತ್ತವೆ. ಮೊಣಕೈ ಮಡಿಕೆಯಲ್ಲಿ, ಕತ್ತಿನ ಸುಕ್ಕಿನಲ್ಲಿ ಧೂಳು ಬೆವರಿನ ಜೊತೆ ಕೂತು ಇನ್ನೂ ಜೋರು.

ನಮ್ಮ ಸೀಮೆಯಲ್ಲಿ ಇದರ ಮೊದಲ ಆರೋಪಿ ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಖಾಲಿ ಸೈಟು, ರಸ್ತೆ ಬದಿ, ಬೀಳುಬಿಟ್ಟ ಹೊಲ, ಎಲ್ಲಿ ನೋಡಿದರಲ್ಲಿ ಇದೆ. ಭಾರತದಲ್ಲಿ ಇದು ಸುದ್ದಿಯಾದದ್ದು 1950 ರ ದಶಕದಲ್ಲಿ ಪುಣೆಯಲ್ಲಿ. ಇದನ್ನು ತಿನ್ನುವ ಮೆಕ್ಸಿಕೊ ಮೂಲದ ಜೀರುಂಡೆಯನ್ನು 1984 ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು, ಆದರೂ ಗಿಡ ಹೋಗಿಲ್ಲ. ಇದರಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಅಲರ್ಜಿಗೆ ಕಾರಣ. ಗಿಡ ಮುಟ್ಟಲೇಬೇಕೆಂದಿಲ್ಲ, ಒಣಗಿದ ಎಲೆ, ಕೂದಲಿನಂಥ ರೋಮ ಗಾಳಿಯಲ್ಲಿ ಬಂದರೆ ಸಾಕು. ಮಳೆ ಬಿದ್ದು ಗಿಡ ಹೂ ಬಿಡುವ ಕಾಲದಲ್ಲಿ ಹೆಚ್ಚಿ, ಒಂದೆರಡು ವಾರ ಬೇರೆ ಊರಿಗೆ ಹೋದಾಗ ಕಡಿಮೆಯಾದರೆ ಗಮನಿಸಿ. ಸೇವಂತಿಗೆ, ಚೆಂಡುಹೂ, ಸೂರ್ಯಕಾಂತಿ ಎಲ್ಲವೂ ಇದೇ ಕುಟುಂಬದವು. ಒಂದಕ್ಕೆ ಅಲರ್ಜಿ ಇದ್ದವರಿಗೆ ಇನ್ನೊಂದು ಕೂಡ ಎಬ್ಬಿಸಬಹುದು. ಅಲರ್ಜಿ ಇದ್ದವರು ಈ ಗಿಡವನ್ನು ತಾವೇ ಕೀಳಬಾರದು. ಬೇರೆಯವರು ಹೂ ಬಿಡುವ ಮೊದಲೇ, ತುಂಬುತೋಳು, ಗ್ಲೌಸ್ ಹಾಕಿ ಕೀಳಲಿ.

ಎರಡನೆಯ ಆರೋಪಿ ಸಿಂಪಡಣೆ. ಕೋಲಾರದ ಟೊಮೆಟೊ ತೋಟಗಳಲ್ಲಿ ಅಂಗಮಾರಿಗೆ ಹೊಡೆಯುವ ಮ್ಯಾಂಕೊಜೆಬ್, ಕ್ಲೋರೊಥಲೋನಿಲ್ ಎರಡನ್ನೂ ಯುರೋಪಿನ ವರ್ಗೀಕರಣದಲ್ಲಿ ಚರ್ಮಕ್ಕೆ ಅಲರ್ಜಿಕಾರಕ ಎಂದು ಗುರುತಿಸಿದ್ದಾರೆ. ಹಳದಿ ಪುಡಿಯನ್ನು ಬರಿಗೈಯಲ್ಲಿ ಬಕೆಟ್ಟಿಗೆ ಹಾಕಿ ಕಲಸುವಾಗ ತಾಗುವುದೇ ಹೆಚ್ಚು, ಏಕೆಂದರೆ ಆಗ ಅದು ಇನ್ನೂ ನೀರಿನಲ್ಲಿ ತೆಳುವಾಗಿರುವುದಿಲ್ಲ. ಹೊಡೆದ ಮರುದಿನ ಕಾಯಿ ಕೀಳಲು ಹೋಗುವ ಹೆಂಗಸರಿಗೆ ಎಲೆಯ ಮೇಲಿನ ಪುಡಿ ಮುಂಗೈಗೆ ತಾಗುತ್ತದೆ. ಔಷಧಿ ಹೊಡೆದವನಿಗೆ ಏನೂ ಆಗದೆ ಕೀಳುವವರಿಗೆ ತುರಿಸುವುದು ಅದಕ್ಕೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಕೀಟನಾಶಕದ ಲೇಬಲ್ಲಿನಲ್ಲಿ ಇರುವ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಹೇಳುವುದು ಎಷ್ಟು ಪ್ರಮಾಣ ಒಳಗೆ ಹೋದರೆ ಜೀವಕ್ಕೆ ಅಪಾಯ ಎಂಬುದನ್ನು. ಅಲರ್ಜಿಯ ಬಗ್ಗೆ ಆ ಬಣ್ಣ ಏನೂ ಹೇಳುವುದಿಲ್ಲ. ಹಸಿರು ತ್ರಿಕೋನ ಇದೆ, ಕೈ ಹಾಕಬಹುದು ಎನ್ನುವುದು ತಪ್ಪು.

ಶ್ರೀನಿವಾಸಪುರದ ಕಡೆ ಮಾವು ಕೀಳುವವರಿಗೆ ತೊಟ್ಟಿನ ಸೊನೆ ಸಿಡಿದು ಆಗುವ ಗುಳ್ಳೆಯೂ ಇದೇ ಸಾಲಿನದು. ಸೊನೆ ಸುಡುತ್ತದೆ, ಕೆಲವರಿಗೆ ಅಲರ್ಜಿಯನ್ನೂ ತರುತ್ತದೆ. ಮಾವು, ಗೋಡಂಬಿ ಸಿಪ್ಪೆಯ ಎಣ್ಣೆ, ಕರಿಗೇರು ಮೂರೂ ಒಂದೇ ಬಳಗ. ಕೀಲುನೋವಿಗೆ, ಹಿಮ್ಮಡಿ ಒಡಕಿಗೆ ಕರಿಗೇರಿನ ಎಣ್ಣೆ ಹಚ್ಚುವುದನ್ನು ದಯವಿಟ್ಟು ಬಿಡಿ. ಸೊನೆ ತಾಗಿದರೆ ಕೂಡಲೇ ಸೋಪು ನೀರಿನಲ್ಲಿ ತೊಳೆಯಿರಿ.

ಲಕ್ಷಣ: ಮುಲಾಮು ಹಚ್ಚಿದಷ್ಟೂ ಗಾಯ ಹೆಚ್ಚುತ್ತಿದೆ

ಸಣ್ಣ ತರಚುಗಾಯ, ಮುಲಾಮು ಹಚ್ಚಿದ ಮೂರನೇ ದಿನ ಸುತ್ತಲೂ ಕೆಂಪಾಗಿ ನೀರು ಸೋರಿದರೆ ಎಲ್ಲರೂ ಕೀವು ಎಂದುಕೊಂಡು ಇನ್ನಷ್ಟು ಹಚ್ಚುತ್ತಾರೆ. ನೋವಿಗಿಂತ ತುರಿಕೆಯೇ ಹೆಚ್ಚಿದ್ದರೆ ನಿಲ್ಲಿಸಿ. ನಿಯೋಮೈಸಿನ್, ನೈಟ್ರೊಫ್ಯೂರಜೋನ್ ಇರುವ ಮುಲಾಮುಗಳು ಹೀಗೆ ಮಾಡುವುದು ವೈದ್ಯರಿಗೆ ಚೆನ್ನಾಗಿ ಗೊತ್ತು. ಟ್ಯೂಬನ್ನು ಎಸೆಯದೆ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರ ಕಾಲಿನ ಗಾಯವಾದರೆ ಒಂದು ದಿನವೂ ಕಾಯಬೇಡಿ.

ಅನುಮಾನ ಬಂದ ಮೇಲೆ: ಬಿಟ್ಟು ನೋಡುವುದು, ಬರೆದಿಡುವುದು

ಅನುಮಾನ ಬಂದ ವಸ್ತುವನ್ನು ಒಂದೊಂದಾಗಿ, ಎರಡು ಮೂರು ವಾರ ಪೂರ್ತಿ ಬಿಡಿ. ನಾಲ್ಕು ದಿನ ಬಿಟ್ಟು ಕಡಿಮೆಯಾಗಲಿಲ್ಲ ಎನ್ನುವುದು ಪರೀಕ್ಷೆಯಲ್ಲ, ಕೆಟ್ಟ ಚರ್ಮ ಮಾಗಲು ಅಷ್ಟು ಕಾಲ ಬೇಕೇ ಬೇಕು. ಕ್ಯಾಲೆಂಡರಿನಲ್ಲಿ ಎರಡೇ ವಿಷಯ ಬರೆಯಿರಿ: ಆ ದಿನ ಮುಟ್ಟಿದ್ದು, ಆ ದಿನದ ತುರಿಕೆ. ಮೊಬೈಲಿನಲ್ಲಿ ಒಂದೇ ಬೆಳಕಿನಲ್ಲಿ ಫೋಟೊ ತೆಗೆದಿಡಿ, ಆಸ್ಪತ್ರೆಗೆ ಹೋದ ದಿನ ಚರ್ಮ ತಿಳಿಯಾಗಿದ್ದರೂ ತೋರಿಸಲು ಏನಾದರೂ ಇರುತ್ತದೆ. ಈ ಅವಧಿಯಲ್ಲಿ ವಾಸನೆಯಿಲ್ಲದ ವ್ಯಾಸಲೀನ್ ಸಾಕು. ನಿಂಬೆಹಣ್ಣು, ಬೆಳ್ಳುಳ್ಳಿ ರಸ, ನೀರು ಬೆರೆಸದ ಆಂಟಿಸೆಪ್ಟಿಕ್ ಯಾವುದೂ ಬೇಡ.

ಚರ್ಮ ಪೂರ್ತಿ ತಿಳಿಯಾದ ಮೇಲೆ, ಹಚ್ಚಿ ಹಾಗೇ ಬಿಡುವ ಕ್ರೀಮು, ಲೋಷನ್ನುಗಳನ್ನು ಮಾತ್ರ ಮನೆಯಲ್ಲಿ ಹಚ್ಚಿ ನೋಡಬಹುದು. ಮೊಣಕೈ ಹತ್ತಿರ ಒಳಗೈಯಲ್ಲಿ ಸುಮಾರು 5 ಸೆಂಟಿಮೀಟರ್ ಚೌಕದಷ್ಟು ಜಾಗಕ್ಕೆ ದಿನಕ್ಕೆರಡು ಸಲ, ಒಂದರಿಂದ ಎರಡು ವಾರ. ತುರಿಕೆ ಎದ್ದ ಕ್ಷಣ ನಿಲ್ಲಿಸಿ. ಸಿಮೆಂಟ್, ಕೀಟನಾಶಕ, ಎಪಾಕ್ಸಿ, ಆಸಿಡ್, ಕೂಲೆಂಟ್, ಬಟ್ಟೆ ಸೋಪು, ಗಿಡದ ರಸ ಇವನ್ನು ಹೀಗೆ ಹಚ್ಚಿ ನೋಡುವುದು ಅಪಾಯ. ಅವು ಯಾರನ್ನಾದರೂ ಸುಡುತ್ತವೆ, ಅದರಿಂದ ಅಲರ್ಜಿ ಇದೆಯೋ ಇಲ್ಲವೋ ತಿಳಿಯುವುದೂ ಇಲ್ಲ. ಇಲ್ಲದ ಅಲರ್ಜಿಯನ್ನು ಈ ಪರೀಕ್ಷೆಯೇ ಹುಟ್ಟಿಸಬಹುದು.

ಕಾಗದ ಓದುವುದು: ಕಾರ್ಖಾನೆಯ ಡ್ರಮ್ಮು, ಡಬ್ಬ

ಕಾರ್ಖಾನೆಗೆ ಬರುವ ರಾಸಾಯನಿಕದ ಜೊತೆ ಸುರಕ್ಷತಾ ಮಾಹಿತಿ ಪತ್ರ ಇರಬೇಕು. ಎಲ್ಲರೂ ಎಸ್‌ಡಿಎಸ್ ಎನ್ನುತ್ತಾರೆ. ಅದರಲ್ಲಿ 16 ಭಾಗ. ನಿಮಗೆ ಬೇಕಾದದ್ದು ಎರಡನೆಯದು, ಮೂರನೆಯದು ಮತ್ತು ಹನ್ನೊಂದನೆಯದು. ಎಚ್317 ಎಂಬ ಸಂಕೇತ ಕಂಡರೆ ಆ ವಸ್ತು ಚರ್ಮದ ಅಲರ್ಜಿ ಉಂಟುಮಾಡಬಹುದು ಎಂದರ್ಥ. ಎಚ್315 ಇದ್ದರೆ ಕೆರಳಿಸುವುದು, ಎಚ್314 ಇದ್ದರೆ ಸುಡುವುದು. ಎಚ್317 ರ ಜೊತೆ 1ಎ ಎಂದಿದ್ದರೆ ತೀವ್ರ, 1ಬಿ ಎಂದಿದ್ದರೆ ಅದಕ್ಕಿಂತ ಕಡಿಮೆ. ಮಿಶ್ರಣಗಳಲ್ಲಿ ಶೇ 0.1 ಅಥವಾ ಶೇ 1 ರಂಥ ಮಿತಿಗಿಂತ ಕಡಿಮೆ ಇದ್ದರೆ ಸಂಕೇತ ಹಾಕದೆಯೂ ಇರಬಹುದು. ಆಗಲೇ ಅಲರ್ಜಿ ಕೂತವರಿಗೆ ಅಷ್ಟು ಚೂರೂ ಸಾಕಾಗಬಹುದು. ಪತ್ರದಲ್ಲಿ ಇಲ್ಲ ಎಂಬ ಕಾರಣಕ್ಕೆ ಸೂಪರ್‌ವೈಸರ್ ನಿಮ್ಮ ದೂರನ್ನು ತಳ್ಳಿಹಾಕುವಂತಿಲ್ಲ.

ಆ ಸಂಕೇತ ಹೇಗೆ ಬರುತ್ತದೆ? ಮೊದಲು ಗಿನಿಯಿಲಿಗಳ ಮೇಲೆ ಪರೀಕ್ಷಿಸುತ್ತಿದ್ದರು, ಮ್ಯಾಗ್ನುಸನ್ ಮತ್ತು ಕ್ಲಿಗ್‌ಮನ್ 1969 ರಲ್ಲಿ ವಿವರಿಸಿದ ವಿಧಾನ ಬಹಳ ಬಳಕೆಯಲ್ಲಿತ್ತು. ಆಮೇಲೆ ಇಲಿಯ ಕಿವಿಗೆ ವಸ್ತು ಹಚ್ಚಿ ದುಗ್ಧಗ್ರಂಥಿಯ ಜೀವಕೋಶ ಎಷ್ಟು ಹೆಚ್ಚುತ್ತವೆ ಎಂದು ಅಳೆಯುವ ವಿಧಾನ ಬಂತು. ಹೆಚ್ಚಳ ಮೂರು ಪಟ್ಟು ಮುಟ್ಟಿದರೆ ಅಲರ್ಜಿಕಾರಕ. ಎಷ್ಟು ಕಡಿಮೆ ಸಾಂದ್ರತೆಯಲ್ಲಿ ಮೂರು ಪಟ್ಟು ಮುಟ್ಟುತ್ತದೋ ವಸ್ತು ಅಷ್ಟು ತೀವ್ರ. ಶೇ 2 ಅಥವಾ ಅದಕ್ಕಿಂತ ಕಡಿಮೆಯಲ್ಲೇ ಮುಟ್ಟಿದರೆ 1ಎ. ಈಗ ಪ್ರಾಣಿಗಳಿಲ್ಲದ ಪರೀಕ್ಷೆಗಳಿವೆ: ವಸ್ತು ಪ್ರೋಟೀನಿನ ತುಣುಕಿಗೆ ಅಂಟುತ್ತದೆಯೇ, ಚರ್ಮದ ಕೋಶವನ್ನು ಎಚ್ಚರಿಸುತ್ತದೆಯೇ, ಕಾವಲು ಕೋಶವನ್ನು ಕೆರಳಿಸುತ್ತದೆಯೇ. ಮೂರರಲ್ಲಿ ಎರಡು ಒಂದೇ ಉತ್ತರ ಕೊಟ್ಟರೆ ಅದನ್ನು ಒಪ್ಪುವ ಕ್ರಮವನ್ನು ಹಲವು ದೇಶಗಳ ಒಕ್ಕೂಟವಾದ ಒಇಸಿಡಿ 2021 ರಲ್ಲಿ ಹೊರತಂದಿತು. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014 ರಲ್ಲೇ ನಿಷೇಧಿಸಿದೆ. ಈ ಪರೀಕ್ಷೆಗಳೂ ಕೆಲವನ್ನು ತಪ್ಪಿಸಿಕೊಳ್ಳುತ್ತವೆ. ಸುಗಂಧದ ಲಿಮೊನೀನ್‌ನಂಥವು ಬಾಟಲಿ ತೆರೆದು ಗಾಳಿ ತಾಗಿದ ಮೇಲೆಯೇ ಅಲರ್ಜಿಕಾರಕವಾಗಿ ಬದಲಾಗುತ್ತವೆ.

ಕೊನೆಯ ಹಂತ: ಪ್ಯಾಚ್ ಪರೀಕ್ಷೆ

ನಿಮ್ಮ ಚರ್ಮದ ಪ್ರಶ್ನೆಗೆ ಖಚಿತ ಉತ್ತರ ಪ್ಯಾಚ್ ಪರೀಕ್ಷೆಯದು. ಮೂರೂ ಜಿಲ್ಲೆಗಳಲ್ಲಿ ಈಗ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ಚರ್ಮರೋಗ ವಿಭಾಗದಲ್ಲಿ ಈ ಪರೀಕ್ಷೆ ಮಾಡುತ್ತಾರೆಯೇ ಎಂದು ಫೋನ್ ಮಾಡಿ ಕೇಳಿಕೊಂಡೇ ಹೋಗಿ, ಇಲ್ಲದಿದ್ದರೆ ಬೆಂಗಳೂರಿಗೆ ಬರೆದುಕೊಡುತ್ತಾರೆ. ಇಎಸ್‌ಐ ಕಾರ್ಡ್ ಇದ್ದವರು ಅಲ್ಲಿಂದಲೇ ಚೀಟಿ ಕೇಳಿ.

ಸೋಮವಾರ ಬೆನ್ನಿಗೆ ಸಣ್ಣ ಬಿಲ್ಲೆಗಳಲ್ಲಿ ವಸ್ತುಗಳನ್ನಿಟ್ಟು ಅಂಟಿಸಿದರೆ ಬುಧವಾರ ತೆಗೆದು ನೋಡುತ್ತಾರೆ, ಶುಕ್ರವಾರದ ಹೊತ್ತಿಗೆ ಇನ್ನೊಮ್ಮೆ. ಆ ಎರಡನೇ ನೋಟವನ್ನು ಬಸ್ ಚಾರ್ಜು ಉಳಿಸಲು ತಪ್ಪಿಸಬೇಡಿ, ತಡವಾಗಿ ಏಳುವ ಅಲರ್ಜಿ ಅಲ್ಲೇ ಸಿಗುವುದು. ಅಷ್ಟು ದಿನ ಬೆನ್ನಿಗೆ ನೀರು ತಾಗಬಾರದು, ಬೆವರುವ ಕೆಲಸ ಬೇಡ. ಹಾಗಾಗಿ ಏಪ್ರಿಲ್ ಬಿಸಿಲು, ಕೊಯ್ಲಿನ ವಾರ ಬಿಟ್ಟು ದಿನ ಗೊತ್ತುಮಾಡಿಕೊಳ್ಳಿ. ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್ ತೆಗೆದುಕೊಂಡಿದ್ದರೆ ಮೊದಲೇ ಹೇಳಿ, ಅದು ಉತ್ತರವನ್ನು ಮುಚ್ಚಿಹಾಕುತ್ತದೆ. ತಾವಾಗಿ ನಿಲ್ಲಿಸಲೂಬೇಡಿ. ಮೈತುಂಬ ತುರಿಕೆ ಜೋರಾಗಿರುವಾಗ ಪರೀಕ್ಷೆ ಮಾಡಿಸಬಾರದು. ಕಾರ್ಖಾನೆಯ ವಸ್ತುವಾದರೆ ಅದರ ಮಾಹಿತಿ ಪತ್ರವನ್ನು ಒಯ್ಯಿರಿ, ಎಷ್ಟು ತೆಳು ಮಾಡಿ ಹಚ್ಚಬೇಕೆಂದು ವೈದ್ಯರು ತೀರ್ಮಾನಿಸಲು ಅದು ಬೇಕು.

ಲ್ಯಾಬುಗಳಲ್ಲಿ ಸಾವಿರಾರು ರೂಪಾಯಿಗೆ ಮಾಡುವ ರಕ್ತದ ಅಲರ್ಜಿ ಪ್ಯಾನೆಲ್ ಈ ತೊಂದರೆಗೆ ಉತ್ತರ ಕೊಡುವುದಿಲ್ಲ. ಅದು ಗಂದೆ, ಸೀನು, ಉಬ್ಬಸದ ಬಗೆಯ ಅಲರ್ಜಿ ನೋಡುತ್ತದೆ. ಸಿಮೆಂಟ್, ಡೈ, ಪಾರ್ಥೇನಿಯಂನಿಂದಾಗುವ ಇಸುಬಿಗೆ ಆ ದುಡ್ಡು ವ್ಯರ್ಥ.

ಪರೀಕ್ಷೆಯಲ್ಲಿ ವಸ್ತು ಸಿಕ್ಕರೆ ಅದರ ಹೆಸರು, ಅದು ಬೇರೆ ಯಾವ ಯಾವ ಪದಾರ್ಥಗಳಲ್ಲಿ ಇರುತ್ತದೆ ಎಂಬುದನ್ನು ಕನ್ನಡದಲ್ಲೇ ಬರೆಸಿಕೊಂಡು ಪರ್ಸಿನಲ್ಲಿ ಇಟ್ಟುಕೊಳ್ಳಿ. ಕೆಲಸದ ಜಾಗದ ವಸ್ತುವಾದರೆ ವೈದ್ಯರಿಂದ ಲಿಖಿತವಾಗಿ ಪಡೆಯಿರಿ. ರಾಸಾಯನಿಕ, ಬಣ್ಣಗಳ ನೇರ ಸಂಪರ್ಕದಿಂದ ಬರುವ ಚರ್ಮರೋಗವನ್ನು 1948 ರ ಕಾರ್ಖಾನೆ ಕಾಯ್ದೆಯ ಜಾಗದಲ್ಲಿ 2025 ರ ನವೆಂಬರಿನಲ್ಲಿ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2020 ರ ಮೂರನೇ ಅನುಸೂಚಿಯಲ್ಲಿ ವರದಿ ಮಾಡಲೇಬೇಕಾದ ಕಾಯಿಲೆಗಳ ಜೊತೆ ಸೇರಿಸಲಾಗಿದೆ, ಕೆರಳಿಸುವ ವಸ್ತು ಮತ್ತು ಅಲರ್ಜಿಕಾರಕ ಎಂಬ ಎರಡೂ ಬಗೆಯನ್ನು ಅಲ್ಲಿ ಹೆಸರಿಸಿದ್ದಾರೆ. ಬೇರೆ ವಿಭಾಗಕ್ಕೆ ಹಾಕಿಕೊಡಿ, ಗ್ಲೌಸ್ ಬದಲಿಸಿಕೊಡಿ ಎಂದು ಕೇಳುವಾಗ ಆ ಚೀಟಿಯ ಒಂದು ಪ್ರತಿಯನ್ನು ಕೊಟ್ಟು, ಇನ್ನೊಂದರ ಮೇಲೆ ಸ್ವೀಕರಿಸಿದ ಸಹಿ, ತಾರೀಖು ಹಾಕಿಸಿಕೊಳ್ಳಿ.